ಶಾಲೆಯ ಸಂಗೀತ ನಾಟಕದ ಪುಸ್ತಿಕೆ: ಮೊದಲು ಹೆಸರು, ಆಮೇಲೆ ಡಿಸೈನ್

ಪ್ರಶ್ನೆ: ನಮ್ಮ ಶಾಲೆಯಲ್ಲಿ ಇನ್ನು ಎಂಟು ವಾರಕ್ಕೆ ಮಕ್ಕಳ ಸಂಗೀತ ನಾಟಕ ಇದೆ. ಸುಮಾರು 70 ಮಕ್ಕಳಿದ್ದಾರೆ, ಎರಡು ದಿನ ಪ್ರದರ್ಶನ. ಪ್ರೇಕ್ಷಕರಿಗೆ ಕೊಡುವ ಕಾರ್ಯಕ್ರಮ ಪುಸ್ತಿಕೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ವಿಜ್ಞಾನದ ಟೀಚರ್, ಡಿಸೈನ್ ಏನೂ ಗೊತ್ತಿಲ್ಲ. ಎಷ್ಟು ಪುಟ ಇರಬೇಕು, ಏನೇನು ಹಾಕಬೇಕು, ಯಾವ ಕಾಗದ? ಹೋದ ಸಲ ಕೆಲವು ಮಕ್ಕಳ ಹೆಸರು ಬಿಟ್ಟುಹೋಗಿ ಪೋಷಕರು ಬೇಜಾರು ಮಾಡಿಕೊಂಡಿದ್ದರು. ಪ್ರಿಂಟ್ ಮಾಡಿಸದೆ ಸುಮ್ನೆ ಪಿಡಿಎಫ್ ಕಳಿಸಿದರೆ ಆಗಲ್ವಾ?

ಉತ್ತರ: ಡಿಸೈನ್ ಗೊತ್ತಿಲ್ಲ ಎಂದು ಹೆದರಬೇಡಿ. ಈ ಕೆಲಸದಲ್ಲಿ ಡಿಸೈನ್ ಕಡಿಮೆ, ಪಟ್ಟಿ ಇಡುವುದು ಜಾಸ್ತಿ. ಪ್ರಯೋಗಾಲಯದ ಲೆಕ್ಕ ಇಟ್ಟು ಅಭ್ಯಾಸವಿರುವ ನಿಮಗೆ ಇದು ಒಗ್ಗುತ್ತದೆ. ಮುಖಪುಟ ಸಾಧಾರಣವಾಗಿದ್ದರೆ ಮರುದಿನ ಯಾರಿಗೂ ನೆನಪಿರುವುದಿಲ್ಲ. ಕೋರಸ್‌ನ ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗನ ಹೆಸರು ಬಿಟ್ಟುಹೋದರೆ ಅವನ ಅಜ್ಜಿ ಮಾತ್ರ ಅದನ್ನು ಜೀವನಪೂರ್ತಿ ಮರೆಯುವುದಿಲ್ಲ. ನಾಟಕದ ಪುಸ್ತಿಕೆ ಎಂದರೆ ಮೊದಲಿಗೆ ಹೆಸರುಗಳ ಪಟ್ಟಿ. ಉಳಿದದ್ದೆಲ್ಲ ಅದರ ಸುತ್ತ ಬರುತ್ತದೆ.

ಆದ್ದರಿಂದ ಚಿತ್ರ, ಬಣ್ಣ, ಫಾಂಟ್ ಹುಡುಕುವ ಮೊದಲು ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್ ತೆರೆಯಿರಿ. ಒಬ್ಬರಿಗೆ ಒಂದು ಸಾಲು. ಹೆಸರು, ತರಗತಿ, ಪಾತ್ರ ಅಥವಾ ಕೆಲಸ, ಯಾವ ದಿನದ ಪ್ರದರ್ಶನ, ಫೋಟೊ ಹಾಕಲು ಮನೆಯವರ ಒಪ್ಪಿಗೆ ಇದೆಯೇ, ಹೆಸರು ಸರಿಯಿದೆ ಎಂದು ಯಾರು ನೋಡಿದರು, ಇಷ್ಟು ಕಾಲಂ ಸಾಕು. ಶೀಟನ್ನು ಎಲ್ಲರೂ ನೋಡಲಿ, ತಿದ್ದುವ ಅಧಿಕಾರ ನಿಮ್ಮೊಬ್ಬರಿಗೇ ಇರಲಿ. ನಿರ್ದೇಶಕರ ಫೋನಿನಲ್ಲಿ ಒಂದು ಪಟ್ಟಿ, ಸಂಗೀತದ ಟೀಚರ್ ಬಳಿ ಇನ್ನೊಂದು, ನಿಮ್ಮ ಬಳಿ ಮತ್ತೊಂದು ಇದ್ದರೆ ಹೆಸರು ಬಿಟ್ಟುಹೋಗುವುದು ಖಂಡಿತ. ಹೋದ ಸಲ ಬಹುಶಃ ಹೀಗೇ ಆಗಿರುತ್ತದೆ.

ಹೆಸರನ್ನು ಹಾಜರಿ ಪುಸ್ತಕದಿಂದ ಎತ್ತಿಕೊಳ್ಳಬೇಡಿ. ಅಲ್ಲಿರುವುದು ದಾಖಲೆಯ ಹೆಸರು. ಅದೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಅದನ್ನು ನೀವೇ ಊಹಿಸಿ ಕನ್ನಡಕ್ಕೆ ತಂದರೆ ತೊಂದರೆ ಶುರು. ಒಂದೇ ಇಂಗ್ಲಿಷ್ ಕಾಗುಣಿತ ಪವನ, ಪಾವನ, ಪಾವನಾ, ಈ ಮೂರರಲ್ಲಿ ಯಾವುದೂ ಆಗಬಹುದು. ಲ ಮತ್ತು ಳ, ನ ಮತ್ತು ಣ, ಶ ಮತ್ತು ಷ, ಕೊನೆಯ ದೀರ್ಘ, ಇವೆಲ್ಲ ಊಹೆಗೆ ಸಿಗುವುದಿಲ್ಲ. ಒಂದು ಚೀಟಿ ಕೊಟ್ಟು, ಪುಸ್ತಿಕೆಯಲ್ಲಿ ನಿನ್ನ ಹೆಸರು ಹೇಗೆ ಬರಬೇಕೋ ಹಾಗೇ ಬರೆದುಕೊಡು ಎಂದು ಮಕ್ಕಳಿಗೆ ಹೇಳಿ. ತೀರಾ ಚಿಕ್ಕವರಿದ್ದರೆ ಮನೆಯಿಂದ ಬರೆಸಿಕೊಂಡು ಬರಲಿ.

ಆಮೇಲೆ ಟೈಪ್ ಮಾಡಿದ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ರಿಹರ್ಸಲ್ ನಡೆಯುವ ಕೋಣೆಯ ಬಾಗಿಲಿಗೆ ಅಂಟಿಸಿ. ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಸಹಿ ಹಾಕಬೇಕು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಬೇಕು. ಎಲ್ಲರನ್ನೂ ಕೂರಿಸಿ "ನಿಮ್ಮ ಹೆಸರು ಸರಿಯಿದೆಯಾ?" ಎಂದು ಕೇಳಿದರೆ ಹೂಂ ಎಂಬ ಉತ್ತರ ಒಟ್ಟಿಗೇ ಬರುತ್ತದೆ, ನೋಡಿದವರು ಒಬ್ಬರೂ ಇರುವುದಿಲ್ಲ. ಸಹಿ ಎಂದ ತಕ್ಷಣ ಮಕ್ಕಳು ತಮ್ಮ ಹೆಸರನ್ನು ನಿಜವಾಗಿ ಓದುತ್ತಾರೆ. ಸಹಿ ಇಲ್ಲದ ಸಾಲುಗಳ ಮಕ್ಕಳನ್ನು ಹುಡುಕಿಕೊಂಡು ಹೋಗುವುದು ನಿಮ್ಮ ಕೆಲಸ.

ಬಿಟ್ಟುಹೋಗುವುದು ಮುಖ್ಯ ಪಾತ್ರದವರ ಹೆಸರಲ್ಲ. ತಡವಾಗಿ ಸೇರಿದ ಮಗು, ಯಾರದೋ ಬದಲಿಗೆ ಬಂದ ಮಗು, ರಿಹರ್ಸಲ್‌ಗೆಲ್ಲ ಕೀಬೋರ್ಡ್ ನುಡಿಸಿದವರು, ವೇಷಭೂಷಣ ಹೊಲಿದುಕೊಟ್ಟ ಪೋಷಕರು, ಪರದೆ ಎಳೆಯುವವರು, ಮೈಕ್ ಹಂಚುವವರು, ಸೆಟ್‌ಗೆ ಬಣ್ಣ ಬಳಿದ ಚಿತ್ರಕಲಾ ತರಗತಿ, ಸಭಾಂಗಣದ ಬೀಗ ತೆಗೆದು ಕೊನೆಯವರೆಗೆ ಕಾಯುವವರು, ಇವರೇ ಬಿಟ್ಟುಹೋಗುವುದು. ಇದಕ್ಕೊಂದು ಸುಲಭ ಉಪಾಯ ಇದೆ. ಪೂರ್ತಿ ತಂಡ ಇರುವ ಒಂದು ರಿಹರ್ಸಲ್‌ಗೆ ಹೋಗಿ ಸುಮ್ಮನೆ ಕೂರಿ. ವೇದಿಕೆಯ ಮೇಲೆ, ಪಕ್ಕದಲ್ಲಿ, ಹಿಂದೆ ಕಂಡ ಪ್ರತಿಯೊಬ್ಬರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮನೆಗೆ ಬಂದು ಶೀಟಿನ ಜೊತೆ ಹೋಲಿಸಿ. ನೋಟ್‌ಬುಕ್ಕಿನಲ್ಲಿದ್ದು ಶೀಟಿನಲ್ಲಿ ಇಲ್ಲದವರು ಖಂಡಿತ ಸಿಗುತ್ತಾರೆ.

ಹೆಸರು ಬರೆಯುವ ರೀತಿ ಒಂದೇ ಇರಲಿ. ಇನಿಷಿಯಲ್ ಹಿಂದೆ ಎಂದರೆ ಎಲ್ಲರಿಗೂ ಹಿಂದೆ. ಶಿಕ್ಷಕರಿಗೆ ಶ್ರೀ, ಶ್ರೀಮತಿ ಹಾಕುವುದಾದರೆ ಎಲ್ಲರಿಗೂ ಹಾಕಿ, ಇಲ್ಲವಾದರೆ ಯಾರಿಗೂ ಬೇಡ. ಕೋರಸ್ ಮಕ್ಕಳನ್ನು ಅಕಾರಾದಿಯಾಗಿ ಜೋಡಿಸಿ, ಯಾರು ಮೊದಲು ಎಂಬ ತಕರಾರೇ ಇರುವುದಿಲ್ಲ. ಮುಖ್ಯ ಪಾತ್ರಗಳನ್ನು ವೇದಿಕೆಗೆ ಬರುವ ಕ್ರಮದಲ್ಲಿ ಕೊಡುವುದು ಒಳ್ಳೆಯದು. ದೊಡ್ಡ ಪಾತ್ರ ಮೇಲೆ, ಸಣ್ಣ ಪಾತ್ರ ಕೆಳಗೆ ಎಂಬ ಶ್ರೇಣಿ ಶಾಲೆಗೆ ಬೇಡ. "ಮತ್ತು ಇತರರು" ಎಂಬ ಮಾತು ಈ ಪುಸ್ತಿಕೆಯಲ್ಲಿ ಎಲ್ಲೂ ಬರಬಾರದು.

ಎರಡು ದಿನ ಪ್ರದರ್ಶನ ಎಂದಿದ್ದೀರಿ. ಕೆಲವು ಪಾತ್ರಗಳಿಗೆ ದಿನಕ್ಕೊಬ್ಬರು ಇದ್ದರೆ ಪಾತ್ರದ ಹೆಸರಿನ ಮುಂದೆ ಎರಡು ಕಾಲಂ ಮಾಡಿ, ಮೇಲೆ ದಿನಾಂಕ ಹಾಕಿ. ಮೊದಲ ತಂಡ, ಎರಡನೇ ತಂಡ ಎಂದು ಬರೆಯಬೇಡಿ. ಎರಡನೇ ತಂಡದ ಮಕ್ಕಳಿಗೆ ಅದು ಎರಡನೇ ದರ್ಜೆ ಎಂದೇ ಕೇಳಿಸುತ್ತದೆ.

ಈಗ ಪುಟದ ಲೆಕ್ಕ. ಎ4 ಹಾಳೆಯನ್ನು ಅಡ್ಡಲಾಗಿ ಮಧ್ಯಕ್ಕೆ ಮಡಿಸಿದರೆ ಎ5 ಅಳತೆಯ, ಅಂದರೆ 148 × 210 ಮಿಲಿಮೀಟರಿನ ನಾಲ್ಕು ಪುಟ ಬರುತ್ತದೆ. ಎರಡು ಹಾಳೆಗೆ ಎಂಟು, ಮೂರಕ್ಕೆ ಹನ್ನೆರಡು. ನಡುವೆ ಪಿನ್ ಹೊಡೆಯುವ ಪುಸ್ತಿಕೆ ಯಾವಾಗಲೂ ನಾಲ್ಕರ ಗುಣಕದಲ್ಲೇ ಇರುತ್ತದೆ. ಹತ್ತು ಪುಟದ ವಿಷಯ ಇಟ್ಟುಕೊಂಡು ಪ್ರೆಸ್‌ಗೆ ಹೋದರೆ ಎರಡು ಪುಟ ಖಾಲಿ ಬಿಡಬೇಕು, ಇಲ್ಲವೇ ಎರಡು ಪುಟ ಕತ್ತರಿಸಬೇಕು. 70 ಮಕ್ಕಳ ನಾಟಕಕ್ಕೆ ನನ್ನ ಸಲಹೆ ಎಂಟು ಪುಟ. ನಾಲ್ಕು ಪುಟದಲ್ಲಿ ಹೆಸರುಗಳು ಇರುವೆ ಸಾಲಿನಂತೆ ಸಣ್ಣಗಾಗುತ್ತವೆ. ಹನ್ನೆರಡಾದರೆ ತುಂಬಿಸಲು ಭಾಷಣ, ಸಂದೇಶ, ಶುಭಾಶಯ ಎಲ್ಲ ಬಂದು ಸೇರುತ್ತವೆ.

ಎಂಟರಲ್ಲಿ ಬೆಲೆಬಾಳುವ ಜಾಗ ಮುಖಪುಟ ಅಲ್ಲ, 4 ಮತ್ತು 5ನೇ ಪುಟ. ಪಿನ್ ಇರುವ ನಡುವಿನ ಜೋಡಿ ಪುಟ ಅದು. ತೆರೆದರೆ ಪೂರ್ತಿ ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ತೊಡೆಯ ಮೇಲೆ ಇಟ್ಟರೆ ಮುಚ್ಚಿಕೊಳ್ಳುವುದಿಲ್ಲ. ಪಾತ್ರಪಟ್ಟಿ ಒಂದು ಪುಟದಲ್ಲಿ, ಹಾಡುಗಳ ಪಟ್ಟಿ ಎದುರಿನ ಪುಟದಲ್ಲಿ, ಎರಡೂ ಇಲ್ಲೇ ಬರಲಿ. ನಾಟಕ ನಡೆಯುವಾಗ ಜನ ನೋಡುವುದು ಇವೆರಡನ್ನೇ: ಈಗ ಹಾಡುತ್ತಿರುವ ಹುಡುಗಿ ಯಾರು, ಇಂಟರ್ವಲ್‌ಗೆ ಇನ್ನೆಷ್ಟು ಹಾಡು? ಒಂದು ಪುಟದಲ್ಲಿ ಪಾತ್ರ, ಮಗುಚಿದರೆ ಹಾಡು ಎಂದಾದರೆ ಇಡೀ ಸಭಾಂಗಣ ಕಾಗದ ಮಗುಚುತ್ತದೆ. ಮೆಲ್ಲಗೆ ಹಾಡುವ ಮಗುವಿನ ದನಿ ಆ ಸರಪರ ಸದ್ದಿನಲ್ಲಿ ಮುಳುಗುತ್ತದೆ.

ಉಳಿದ ಪುಟಗಳನ್ನು ಹೀಗೆ ಹಂಚಬಹುದು. 1 ಮುಖಪುಟ: ನಾಟಕದ ಹೆಸರು, ಶಾಲೆಯ ಹೆಸರು, ದಿನ, ಸಮಯ, ಜಾಗ. 2ರಲ್ಲಿ ನಾಟಕ ಬರೆದವರು, ಸಂಗೀತ ಕೊಟ್ಟವರು, ಸಾಹಿತ್ಯ ಬರೆದವರು, ನಿರ್ದೇಶಕರು, ಜೊತೆಗೆ ಪ್ರೇಕ್ಷಕರಿಗೆ ಸೂಚನೆ. 3ರಲ್ಲಿ ನಿರ್ದೇಶಕರ ಮಾತು ಮತ್ತು ಕಥೆ ನಡೆಯುವ ಕಾಲ, ಜಾಗ. 6ರಲ್ಲಿ ವಾದ್ಯದವರು, ಬೆಳಕು, ಧ್ವನಿ, ರಂಗಸಜ್ಜಿಕೆ, ಪ್ರಸಾಧನ, ವಸ್ತ್ರ. 7ರಲ್ಲಿ ಕೃತಜ್ಞತೆ. 8 ಜಾಹೀರಾತಿಗೆ, ಇಲ್ಲವೇ ರಿಹರ್ಸಲ್‌ನ ಒಂದು ಒಳ್ಳೆಯ ಫೋಟೊಗೆ. ಮುಖ್ಯಸ್ಥರ ಸಂದೇಶ ಹಾಕಲೇಬೇಕು ಎಂದಾದರೆ 7ರಲ್ಲಿ ಹಾಕಿ, ಮೊದಲೇ ಪದಗಳ ಮಿತಿ ಹೇಳಿ. ನಿರ್ದೇಶಕರ ಮಾತಿಗೆ 120 ಪದ ಸಾಕು. ಮಿತಿ ಹೇಳದೆ ಕೇಳಿದರೆ ಎರಡು ಪುಟ ಬರುತ್ತದೆ. ಆಮೇಲೆ ಕತ್ತರಿಸುವ ಸಂಕಟ ನಿಮ್ಮದು.

ಹಾಡುಗಳ ಪಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಂಕ 1, ಮಧ್ಯಂತರ, ಅಂಕ 2 ಎಂದು ಭಾಗ ಮಾಡಿ. ಪ್ರತಿ ಹಾಡಿನ ಹೆಸರು, ಅದರ ಮುಂದೆ ಹಾಡುವ ಪಾತ್ರಗಳ ಹೆಸರು. ಇಲ್ಲಿ ಪಾತ್ರದ ಹೆಸರನ್ನೇ ಕೊಡಿ, ಮಗುವಿನ ಹೆಸರನ್ನಲ್ಲ. ಎದುರಿನ ಪುಟದಲ್ಲಿ ಪಾತ್ರಪಟ್ಟಿ ಇದೆಯಲ್ಲ, ಹುಡುಕಿಕೊಳ್ಳುತ್ತಾರೆ. ಕೋರಸ್‌ನೊಳಗಿಂದ ಎರಡು ಸಾಲು ಒಂಟಿಯಾಗಿ ಹಾಡುವ ಮಗು, ನೃತ್ಯದಲ್ಲಿ ಮುಂದೆ ಬರುವ ಮಗು, ಇಂಥವರಿಗೆ ಪಾತ್ರದ ಹೆಸರು ಇರುವುದಿಲ್ಲ. ಹಾಡಿನ ಕೆಳಗೆ "ಒಂಟಿ ದನಿ" ಎಂದು ಅವರ ಹೆಸರು ಕೊಟ್ಟರೆ ಆ ಮನೆಯವರಿಗೆ ಎಷ್ಟು ಖುಷಿಯಾಗುತ್ತದೆ ಗೊತ್ತಾ! ಒಟ್ಟು ಅವಧಿ, ಮಧ್ಯಂತರ ಎಷ್ಟು ನಿಮಿಷ ಎಂಬುದನ್ನೂ ಹಾಕಿ. ಚಿಕ್ಕ ಮಕ್ಕಳನ್ನು ಕರೆತಂದವರು ಮೊದಲು ಹುಡುಕುವುದು ಅದನ್ನೇ.

ಕಥೆ ಬಿಟ್ಟುಕೊಡದಂತೆ ಎಚ್ಚರ ಇರಲಿ. "ಮುದುಕಿ / ಕಳೆದುಹೋದ ರಾಣಿ" ಎಂದು ಪಾತ್ರಪಟ್ಟಿಯಲ್ಲಿ ಬರೆದರೆ ಕೊನೆಯ ದೃಶ್ಯದ ಗುಟ್ಟು ಪರದೆ ಏಳುವ ಮೊದಲೇ ರಟ್ಟಾಗುತ್ತದೆ. "ಮುದುಕಿ" ಸಾಕು. "ರಾಜ ಸತ್ತನಯ್ಯೋ" ಎಂಬಂಥ ಹಾಡಿದ್ದರೆ ಪಟ್ಟಿಯಲ್ಲಿ "ಅಂತಿಮ ಗೀತೆ" ಎಂದಷ್ಟೇ ಹಾಕಿ. ಕಥಾಸಾರಾಂಶ ಬೇಕೇ ಬೇಕು ಎನ್ನುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ನಾಟಕ ಪ್ರೇಕ್ಷಕರಿಗೆ ಗೊತ್ತಿಲ್ಲದ ಭಾಷೆಯಲ್ಲಿದ್ದರೆ ಮಾತ್ರ ನಾಲ್ಕು ಸಾಲು ಬರೆಯಿರಿ.

ಪರವಾನಗಿ ಪಡೆದು ಆಡುತ್ತಿರುವ ನಾಟಕವಾದರೆ ಒಂದು ಕೆಲಸ ಇವತ್ತೇ ಮಾಡಿ: ಒಪ್ಪಂದದ ಪತ್ರ ತೆಗೆದು ಓದಿ. ಎಂಟಿಐ ಎಂದು ಕರೆಯುವ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್, ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್ ಮುಂತಾದ, ನಾಟಕ ಆಡಲು ಪರವಾನಗಿ ಕೊಡುವ ಸಂಸ್ಥೆಗಳು ಪುಸ್ತಿಕೆಯಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ ಬರಬೇಕು, ನಾಟಕದ ಶೀರ್ಷಿಕೆಗೆ ಹೋಲಿಸಿದರೆ ಎಷ್ಟು ದೊಡ್ಡದಾಗಿರಬೇಕು, ಪರವಾನಗಿಯ ವಾಕ್ಯ ಹೇಗಿರಬೇಕು ಎಂದು ಬರೆದೇ ಕೊಡುತ್ತವೆ. ಆ ವಾಕ್ಯವನ್ನು ನಿಮ್ಮ ಮಾತಿನಲ್ಲಿ ಚಂದ ಮಾಡಲು ಹೋಗಬೇಡಿ, ಇದ್ದಂತೆಯೇ ಹಾಕಿ. ನಾಟಕದ ಅಧಿಕೃತ ಲೋಗೊ ಬಳಸಲು ಬೇರೆ ಅನುಮತಿ ಬೇಕಾಗಬಹುದು. ಹಾಡಿನ ಸಾಹಿತ್ಯ ಅಚ್ಚು ಹಾಕುವುದೂ ಬೇರೆಯೇ ಹಕ್ಕು. ನಾಟಕ ಆಡಲು ಅನುಮತಿ ಸಿಕ್ಕಿತು ಎಂದರೆ ಹಾಡು ಮುದ್ರಿಸಲು ಸಿಕ್ಕಿತು ಎಂದಲ್ಲ. ವಿಡಿಯೊ ಮಾಡಬಾರದು ಎಂಬ ಷರತ್ತಿದ್ದರೆ ಅದೂ 2ನೇ ಪುಟದ ಸೂಚನೆಯಲ್ಲಿ ಬರಬೇಕು. ಅಲ್ಲೇ ಫೋನ್ ಬಗ್ಗೆ ಒಂದು ಸಾಲು, ಮಿಂಚುವ ದೀಪ ಅಥವಾ ಹೊಗೆ ಬಳಸುತ್ತಿದ್ದರೆ ಅದರ ಬಗ್ಗೆ ಒಂದು ಸಾಲು. ಮಿಂಚುವ ದೀಪದ ಸೂಚನೆಯನ್ನು ದಪ್ಪಕ್ಷರದಲ್ಲಿ ಹಾಕಿ. ಅಪಸ್ಮಾರ ಇರುವ ಕೆಲವರಿಗೆ ಅದರಿಂದ ನಿಜಕ್ಕೂ ಅಪಾಯ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಚಿತ್ರಗಳನ್ನು ಮುಖಪುಟಕ್ಕೆ ಹಾಕುವ ಬದಲು ಮಕ್ಕಳಿಂದಲೇ ಚಿತ್ರ ಬರೆಸಿ, ಬರೆದ ಮಗುವಿನ ಹೆಸರನ್ನು ಮುಖಪುಟದ ಒಳಮಗ್ಗುಲಲ್ಲಿ ಹಾಕಿ.

ಓದುವ ಬೆಳಕು ಹೇಗಿರುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಹಿಂದಿನ ಕಾಲದ ಆಪೆರಾ (ಯುರೋಪಿನ ಸಂಗೀತ ನಾಟಕ) ಪ್ರೇಕ್ಷಕರು ಸಾಹಿತ್ಯದ ಪುಸ್ತಿಕೆಯ ಜೊತೆ ಓದಲು ಸಣ್ಣ ಮೇಣದ ಬತ್ತಿಯನ್ನೂ ಕೊಂಡುಕೊಳ್ಳುತ್ತಿದ್ದರಂತೆ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಆಪೆರಾ ಸಂಯೋಜಕ ವಾಗ್ನರ್ ಪ್ರೇಕ್ಷಕರ ಕಡೆ ಕತ್ತಲು ಮಾಡಿದ್ದು ಆಗ ಹೊಸ ವಿಷಯವಾಗಿತ್ತು. ಈಗ ಎಲ್ಲ ಕಡೆ ಕತ್ತಲೆಯೇ. ನಿಮ್ಮ ಪುಸ್ತಿಕೆಯನ್ನು ಜನ ಪ್ರದರ್ಶನಕ್ಕೆ ಮೊದಲಿನ ಮಂದ ಬೆಳಕಿನಲ್ಲಿ, ವೇದಿಕೆಯಿಂದ ಚೆಲ್ಲಿದ ಬೆಳಕಿನಲ್ಲಿ ಓದುತ್ತಾರೆ. ಅವರಲ್ಲಿ ಅಜ್ಜ ಅಜ್ಜಿಯರು ಬಹಳ. ಹೀಗಾಗಿ ಬಿಳಿ ಕಾಗದ, ಕಪ್ಪು ಅಕ್ಷರ. ತಿಳಿ ಬೂದು, ತಿಳಿ ಹಳದಿ ಅಕ್ಷರ ಬೇಡ. ಫೋಟೊದ ಮೇಲೆ ಅಕ್ಷರ ಬೇಡ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಮುದ್ರಿಸುವಾಗ ಶಾಯಿ ಹರಡಿ ಕನ್ನಡದ ಸಣ್ಣ ಒತ್ತಕ್ಷರಗಳು ತುಂಬಿಹೋಗುತ್ತವೆ.

ಅಕ್ಷರದ ಗಾತ್ರ 11 ಪಾಯಿಂಟ್‌ಗಿಂತ ಕಡಿಮೆ ಬೇಡ. ಸಾಲಿನ ಅಂತರ 16 ಅಥವಾ 17 ಪಾಯಿಂಟ್ ಇಡಿ. ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದಲು ಕಷ್ಟ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಇವು ಉಚಿತವಾಗಿ ಸಿಗುವ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಫಾಂಟ್‌ಗಳು. ಒಳಪುಟಕ್ಕೆ ಇವುಗಳಲ್ಲಿ ಒಂದು ಸಾಕು. ಶೀರ್ಷಿಕೆಗೆ ಬಾಲೂ ತಮ್ಮ (Baloo Tamma) ಎಂಬಂಥ ದುಂಡು ಫಾಂಟ್ ಒಂದು. ಎರಡಕ್ಕಿಂತ ಹೆಚ್ಚು ಫಾಂಟ್ ಬಳಸಬೇಡಿ. ಕನ್ನಡವನ್ನು ಓರೆಯಾಗಿಸಬೇಡಿ. ಪಾತ್ರ ಬೇರೆ, ಹೆಸರು ಬೇರೆ ಎಂದು ತೋರಿಸಲು ಒಂದನ್ನು ದಪ್ಪ, ಇನ್ನೊಂದನ್ನು ಸಾಮಾನ್ಯ ಮಾಡಿದರೆ ಸಾಕು. ಅಕ್ಷರಗಳ ನಡುವಿನ ಅಂತರವನ್ನೂ ಹಿಗ್ಗಿಸಬೇಡಿ, ಒತ್ತು ದೀರ್ಘಗಳು ಮೂಲ ಅಕ್ಷರ ಬಿಟ್ಟು ದೂರ ಹೋದಂತೆ ಕಾಣುತ್ತವೆ. ಸಾಲನ್ನು ಎರಡೂ ಬದಿಗೆ ಸಮ ಮಾಡುವುದೂ ಬೇಡ. ಕನ್ನಡದ ಪದಗಳು ಉದ್ದ, ಪುಟ ಕಿರಿದು. ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತದೆ.

ಕನ್ನಡದ ಪುಸ್ತಿಕೆಗಳು ಹೆಚ್ಚಾಗಿ ಹಾಳಾಗುವುದು ಪ್ರೆಸ್‌ನಲ್ಲಿ ಫಾಂಟ್ ಬದಲಾಯಿಸುವಾಗ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತೀರಿ. ಅವರು ಹಳೆಯ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಬೇರೆ ಹಳೆಯ ಎನ್‌ಕೋಡಿಂಗ್‌ನ ಫಾಂಟ್‌ನಲ್ಲಿ ಕೆಲಸ ಮಾಡುತ್ತಿರಬಹುದು. ಪರಿವರ್ತನೆ ಮಾಡುವಾಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಕೆಲವು ಒತ್ತಕ್ಷರ ಮಾಯವಾಗುತ್ತವೆ. ಮೂರು ಸಲ ನೋಡಿ ಸರಿ ಮಾಡಿದ ಹೆಸರು ಮತ್ತೆ ಕೆಡುತ್ತದೆ. ನೀವೇ ಪುಟ ಜೋಡಿಸಿ, ಫಾಂಟ್ ಒಳಸೇರಿಸಿದ ಪಿಡಿಎಫ್ ಕೊಡುವುದು ಒಳ್ಳೆಯದು. ಕ್ಯಾನ್ವಾ, ವರ್ಡ್, ಸ್ಕ್ರೈಬಸ್‌ನ ಹೊಸ ಆವೃತ್ತಿ, ಯಾವುದಾದರೂ ಆಗುತ್ತದೆ. ಇನ್‌ಡಿಸೈನ್ ಬಳಸುವ ಗೆಳೆಯರು ಇದ್ದರೆ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಲು ಹೇಳಿ, ಇಲ್ಲದಿದ್ದರೆ ಒತ್ತುಗಳು ಒಡೆದು ಬರುತ್ತವೆ. ಪಾತ್ರ ಮತ್ತು ಹೆಸರಿನ ನಡುವೆ ಸ್ಪೇಸ್ ಒತ್ತುತ್ತಾ ಹೋಗಬೇಡಿ. ಟ್ಯಾಬ್ ಅಥವಾ ಗೆರೆಯಿಲ್ಲದ ಟೇಬಲ್ ಬಳಸಿ, ಇಲ್ಲದಿದ್ದರೆ ಎಲ್ಲವೂ ಓರೆಕೋರೆಯಾಗುತ್ತದೆ.

ಪಿಡಿಎಫ್‌ನಲ್ಲಿ ಪುಟಗಳು 1ರಿಂದ 8ರವರೆಗೆ ಕ್ರಮವಾಗಿ, ಒಂದೊಂದಾಗಿ ಇರಲಿ. ಹಾಳೆಯ ಮೇಲೆ ಹೊಂದಿಸುವುದು ಪ್ರೆಸ್‌ನವರ ಕೆಲಸ. ಶಾಲೆಯ ಪ್ರಿಂಟರ್‌ನಲ್ಲೇ ತೆಗೆಯುವುದಾದರೆ ಮಾತ್ರ ನಿಮಗೆ ಈ ಲೆಕ್ಕ ಬೇಕು: ಮೊದಲ ಹಾಳೆಯ ಹೊರಮೈಯಲ್ಲಿ 8 ಮತ್ತು 1, ಅದರ ಒಳಮೈಯಲ್ಲಿ 2 ಮತ್ತು 7, ಎರಡನೇ ಹಾಳೆಯಲ್ಲಿ 6 ಮತ್ತು 3, ಹಿಂದೆ 4 ಮತ್ತು 5. ಪ್ರತಿ ಜೋಡಿ ಕೂಡಿದರೆ 9 ಬರಬೇಕು. ಅಕ್ರೋಬ್ಯಾಟ್ ರೀಡರ್‌ನ ಬುಕ್‌ಲೆಟ್ ಆಯ್ಕೆ ಇದನ್ನು ತಾನೇ ಮಾಡುತ್ತದೆ. ಎರಡೂ ಬದಿಗೆ ಮುದ್ರಿಸುವಾಗ ಗಿಡ್ಡ ಅಂಚಿನ ಕಡೆ ಮಗುಚುವಂತೆ ಹೊಂದಿಸಿ, ಇಲ್ಲವಾದರೆ ಒಳಪುಟ ತಲೆಕೆಳಗಾಗಿ ಬರುತ್ತದೆ. ಮುಖಪುಟದ ಬಣ್ಣ ಅಂಚಿನವರೆಗೂ ಹೋಗಬೇಕಾದರೆ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಬಣ್ಣದ ಅಂಚು, ಬಿಡಿ. ಅಕ್ಷರಗಳು ಅಂಚಿನಿಂದ ಕನಿಷ್ಠ 8-10 ಮಿಲಿಮೀಟರ್ ಒಳಗಿರಲಿ.

ಕಾಗದ: ಒಳಪುಟಕ್ಕೆ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಸುತ್ತಮುತ್ತ, ಹೊಳಪಿಲ್ಲದ್ದು. ಹೊದಿಕೆಗೆ ಬೇರೆ ದಪ್ಪ ಕಾಗದ ಬೇಕೆನಿಸಿದರೆ 170 ಜಿಎಸ್‌ಎಂ ಮ್ಯಾಟ್. ಎಂಟು ಪುಟಕ್ಕೆ ಎಲ್ಲವೂ ಒಂದೇ ಕಾಗದವಾದರೂ ಏನೂ ಕಮ್ಮಿಯಿಲ್ಲ. ಮಿರಮಿರ ಹೊಳೆಯುವ ಆರ್ಟ್ ಪೇಪರ್ ನೋಡಲು ಶ್ರೀಮಂತ, ಕೈಯಲ್ಲಿ ಹಿಡಿದರೆ ವೇದಿಕೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಅದರ ಮೇಲೆ ಪೆನ್ನೂ ಸರಿಯಾಗಿ ಬರೆಯುವುದಿಲ್ಲ. ಮಕ್ಕಳು ಪ್ರದರ್ಶನ ಮುಗಿದ ಮೇಲೆ ಒಬ್ಬರ ಪುಸ್ತಿಕೆಗೆ ಇನ್ನೊಬ್ಬರು ಸಹಿ ಹಾಕುತ್ತಾರೆ, ಅಲ್ವಾ? ಅದಕ್ಕೆ ಸ್ವಲ್ಪ ಖಾಲಿ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು.

ಬಣ್ಣಕ್ಕೆ ದುಡ್ಡಿಲ್ಲವಾದರೆ ಮುಖಪುಟವೂ ಕಪ್ಪು-ಬಿಳುಪೇ ಇರಲಿ, ಬಣ್ಣದ ಕಾಗದದ ಮೇಲೆ ಮುದ್ರಿಸಿ. ತಿಳಿ ಬಣ್ಣವಾಗಿರಬೇಕು ಅಷ್ಟೇ. ಕೆಲವು ನೂರು ಪ್ರತಿಗೆ ಡಿಜಿಟಲ್ ಪ್ರಿಂಟ್ ಸಾಕು. ಆಫ್‌ಸೆಟ್‌ನಲ್ಲಿ ಪ್ರತಿ ಬಣ್ಣಕ್ಕೂ ಪ್ಲೇಟ್ (ಅಚ್ಚಿನ ತಗಡು) ಮಾಡಬೇಕು, ಪ್ರತಿಗಳು ಸಾವಿರ ದಾಟಿದರೆ ಆಗ ಅಗ್ಗ ಬೀಳುತ್ತದೆ. ಒಳಪುಟದ ಅಕ್ಷರ ಬರಿಯ ಕಪ್ಪು ಶಾಯಿಯಲ್ಲಿ ಬರುತ್ತದೆಯೇ ಎಂದು ಪ್ರೆಸ್‌ನವರನ್ನು ಕೇಳಿ. ನಾಲ್ಕು ಶಾಯಿ ಸೇರಿಸಿ ಮಾಡಿದ ಕಪ್ಪಾದರೆ ಸಣ್ಣ ಅಕ್ಷರದ ಸುತ್ತ ಬಣ್ಣದ ಅಂಚು ಕಾಣಬಹುದು.

ಫೋಟೊಗಳು 300 ಡಿಪಿಐ (ಅಚ್ಚಿನಲ್ಲಿ ಇಂಚಿಗೆ 300 ಚುಕ್ಕೆ) ಇರಬೇಕು ಎನ್ನುತ್ತಾರಲ್ಲ, ಅದರ ಅರ್ಥ ಸರಳ. ಎ5 ಪುಟ ಪೂರ್ತಿ ತುಂಬುವ ಚಿತ್ರ ಬ್ಲೀಡ್ ಸೇರಿ ಸುಮಾರು 1820 × 2550 ಪಿಕ್ಸೆಲ್ ಇರಬೇಕು. 3 ಸೆಂಟಿಮೀಟರ್ ಅಗಲದ ಮುಖದ ಚಿತ್ರಕ್ಕೆ 350 ಪಿಕ್ಸೆಲ್ ಸಾಕು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆದರೆ 70 ಮಕ್ಕಳ ಒಂದೊಂದು ಮುಖಚಿತ್ರ ಹಾಕುವ ಆಸೆ ಬೇಡ. ಮೂವರ ಫೋಟೊ ಬರುವುದಿಲ್ಲ, ಇಬ್ಬರ ಮನೆಯವರು ಒಪ್ಪುವುದಿಲ್ಲ, ಖಾಲಿ ಚೌಕಗಳು ಎದ್ದು ಕಾಣುತ್ತವೆ. ಇಡೀ ತಂಡದ ಒಂದು ಫೋಟೊ ಎಲ್ಲಕ್ಕಿಂತ ಮೇಲು. ಮಕ್ಕಳ ಪರಿಚಯ ಬರೆಯುವುದಾದರೂ ಇದೇ ಮಾತು: ಎಲ್ಲರಿಗೂ ಬೇಕು, ಇಲ್ಲವೇ ಯಾರಿಗೂ ಬೇಡ.

ಜಾಹೀರಾತು ತೆಗೆದುಕೊಂಡರೆ ಮುದ್ರಣದ ಖರ್ಚು ಹುಟ್ಟುತ್ತದೆ, ತಪ್ಪೇನಿಲ್ಲ. ನಡುವಿನ ಜೋಡಿ ಪುಟಕ್ಕೆ ಮಾತ್ರ ಬಿಡಬೇಡಿ, ಎಷ್ಟು ಕೊಟ್ಟರೂ ಸರಿ. ಪೋಷಕರು ತಮ್ಮ ಮಗುವಿಗೆ ಶುಭಾಶಯ ಹಾಕಿಸುವ ಪದ್ಧತಿ ಶುರು ಮಾಡುವುದಾದರೆ ಎಲ್ಲರಿಗೂ ಒಂದೇ ಅಳತೆ, ಒಂದೇ ಸಾಲು. ಒಂದು ಮಗುವಿಗೆ ಪೂರ್ತಿ ಪುಟ, ಇನ್ನೊಂದಕ್ಕೆ ಏನೂ ಇಲ್ಲ ಎಂದಾದರೆ ಗ್ರೀನ್ ರೂಮಿನಲ್ಲಿ ಅದೇ ಮಾತು.

ಸಮಯದ ಲೆಕ್ಕವನ್ನು ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ. ಪುಸ್ತಿಕೆ ನಾಲ್ಕು ದಿನ ಮೊದಲು ನಿಮ್ಮ ಕೈಯಲ್ಲಿರಬೇಕು. ಪ್ರೆಸ್‌ಗೆ ಎರಡು ವಾರ ಮೊದಲು ಹೋಗಲಿ. ಅದಕ್ಕೂ ಒಂದು ವಾರ ಮೊದಲು ಹೆಸರಿನ ಪಟ್ಟಿಗೆ ಬೀಗ, ಅಂದರೆ ಸಹಿ ಕಾರ್ಯಕ್ರಮ ಅಷ್ಟರಲ್ಲಿ ಮುಗಿದಿರಬೇಕು. ಬರಹ, ಜಾಹೀರಾತು ಎಲ್ಲ ಇನ್ನೆರಡು ವಾರದೊಳಗೆ ಕೊಡುವಂತೆ ಕೇಳಿ. ಕೊಡುವವರಿಗೆ ನಿಜವಾದ ಗಡುವಿಗಿಂತ ಐದು ದಿನ ಮುಂಚಿನ ತಾರೀಖು ಹೇಳಿ. ಇದು ಸುಳ್ಳಲ್ಲ, ಅನುಭವ.

ಪ್ರೂಫ್ ಅನ್ನು, ಅಂದರೆ ಅಚ್ಚಿಗೆ ಮೊದಲು ತಪ್ಪು ನೋಡುವ ಪ್ರತಿಯನ್ನು, ಪರದೆಯ ಮೇಲೆ ನೋಡಿದರೆ ಸಾಲದು. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಮಡಿಸಿ, ಪಿನ್ ಹೊಡೆದು ನೋಡಿ. ಒಬ್ಬರು ಮೂಲ ಶೀಟ್ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಸ್ತಿಕೆಯಲ್ಲಿ ಟಿಕ್ ಹಾಕಲಿ. ಟಿಕ್ ಹಾಕುವವರು ನಾಟಕಕ್ಕೆ ಸಂಬಂಧವೇ ಇಲ್ಲದವರಾಗಿರಲಿ. ಪರಿಚಯದ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಓದುತ್ತದೆ. ದಿನಾಂಕ ಮತ್ತು ವಾರ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ನೋಡಿ. ಶಾಲೆಯ ಹೆಸರನ್ನೂ ಅಕ್ಷರ ಅಕ್ಷರ ಓದಿ. ದೊಡ್ಡಕ್ಷರದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಮುಖಪುಟದಲ್ಲೇ ಅಚ್ಚಾಗಿಬಿಡುತ್ತದೆ. ಕೊನೆಗೆ ಸಭಾಂಗಣದ ದೀಪ ಮಂದ ಮಾಡಿ, ಕನ್ನಡಕ ಹಾಕುವ ಹಿರಿಯ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟು ಪಾತ್ರಪಟ್ಟಿ ಓದಿಸಿ. ಅವರು ಓದಿದರೆ ಎಲ್ಲರೂ ಓದುತ್ತಾರೆ. ದೃಷ್ಟಿ ಕಡಿಮೆ ಇರುವವರಿಗಾಗಿ 18 ಪಾಯಿಂಟ್ ಅಕ್ಷರದಲ್ಲಿ ಎ4 ಹಾಳೆಯ ನಾಲ್ಕೈದು ಪ್ರತಿ ಬೇರೆ ಮಾಡಿ. ಎ5 ಪುಟವನ್ನು ಎ4ಗೆ ಹಿಗ್ಗಿಸಿದರೆ 11 ಪಾಯಿಂಟ್ ಹದಿನೈದೂವರೆ ಆಗುತ್ತದೆ, ಅಷ್ಟು ಸಾಲುವುದಿಲ್ಲ.

ಎಷ್ಟು ಪ್ರತಿ? ಪ್ರತಿ ಕುರ್ಚಿಗೆ ಒಂದು ಬೇಕಿಲ್ಲ, ಒಂದು ಮನೆಯವರು ಹಂಚಿಕೊಳ್ಳುತ್ತಾರೆ. ಎರಡು ಕುರ್ಚಿಗೆ ಒಂದು ಎಂದು ಹಿಡಿಯಿರಿ. 300 ಜನ ಕೂರುವ ಸಭಾಂಗಣ, ಎರಡು ದಿನ ಎಂದರೆ 300. ಅದರ ಮೇಲೆ ಮಕ್ಕಳಿಗೆ, ಕೆಲಸ ಮಾಡಿದವರಿಗೆ, ಶಾಲೆಯ ಕಡತಕ್ಕೆ ಸೇರಿ 100. ಈ 100ನ್ನು ಮೊದಲೇ ಬೇರೆ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಬಾಗಿಲಲ್ಲಿ ಹಂಚುವವರು ಎಲ್ಲವನ್ನೂ ಖಾಲಿ ಮಾಡುತ್ತಾರೆ, ಕೊನೆಗೆ ಆಡಿದ ಮಕ್ಕಳಿಗೇ ಇರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಏನಾದರೂ ಬದಲಾಗುತ್ತದೆ. ಹಿಂದಿನ ದಿನ ಒಂದು ಮಗುವಿಗೆ ಜ್ವರ ಬಂದು ಪಾತ್ರ ಇನ್ನೊಬ್ಬರಿಗೆ ಹೋಗುತ್ತದೆ, ಅಥವಾ ಒಂದು ಹೆಸರು ಹಾಗೂ ಹೀಗೂ ತಪ್ಪಿಹೋಗಿರುತ್ತದೆ. ಮತ್ತೆ ಮುದ್ರಿಸಬೇಡಿ, ಪೆನ್ನಿನಲ್ಲಿ ತಿದ್ದಲೂ ಹೋಗಬೇಡಿ. ಎ6 ಅಳತೆಯ ಒಂದು ಚೀಟಿ ಮಾಡಿ ಎಲ್ಲ ಪುಸ್ತಿಕೆಗಳ ನಡುವೆ ಇಡಿ: "ಇಂದಿನ ಪ್ರದರ್ಶನದಲ್ಲಿ ಈ ಪಾತ್ರ ಮಾಡುವವರು ಇವರು". 1884ರಲ್ಲಿ ಶುರುವಾದ ನ್ಯೂಯಾರ್ಕಿನ ನಾಟಕ ಪುಸ್ತಿಕೆ ಪ್ಲೇಬಿಲ್‌ನೊಳಗೂ ಇಂಥ ಚೀಟಿ ಇಡುವುದು ಮಾಮೂಲು, ಆದ್ದರಿಂದ ಸಂಕೋಚ ಬೇಡ. ಎ4 ಹಾಳೆಗೆ ನಾಲ್ಕು ಚೀಟಿ ಬರುತ್ತದೆ, ಶಾಲೆಯ ಪ್ರಿಂಟರ್ ಸಾಕು. ಬಿಟ್ಟುಹೋದ ಹೆಸರಾದರೆ ಆ ಮಗುವಿನ ಮನೆಗೆ ನೀವೇ ಮೊದಲು ಫೋನ್ ಮಾಡಿ ಹೇಳಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಬರೀ ಪಿಡಿಎಫ್ ಕಳಿಸಿದರೆ ಖರ್ಚು ಉಳಿಯುತ್ತದೆ. ಆದರೆ ಜನ ಅದನ್ನು ನಾಟಕದ ನಡುವೆ ಫೋನಿನಲ್ಲೇ ತೆರೆಯುತ್ತಾರೆ. ಫೋನ್ ಆಫ್ ಮಾಡಿ ಎಂದು ನೀವು ಹೇಳುವುದು, ಪಾತ್ರಪಟ್ಟಿ ಫೋನಿನಲ್ಲೇ ಇರುವುದು, ಎರಡೂ ಕೂಡಿಬರುವುದಿಲ್ಲ. ದುಡ್ಡು ತೀರಾ ಕಡಿಮೆಯಿದ್ದರೆ ಒಂದೇ ಎ4 ಹಾಳೆ ಮಡಿಸಿ, ಒಳಗಿನ ಜೋಡಿ ಪುಟದಲ್ಲಿ ಪಾತ್ರ ಮತ್ತು ಹಾಡು, ಹಿಂದೆ ತೆರೆಮರೆಯವರ ಹೆಸರು ಅಚ್ಚು ಹಾಕಿ. ನಿರ್ದೇಶಕರ ಮಾತು, ಫೋಟೊ, ಉದ್ದನೆಯ ಕೃತಜ್ಞತೆಗಳನ್ನು ಕ್ಯೂಆರ್ ಕೋಡ್ ಮೂಲಕ ಕೊಡಿ, ಪಕ್ಕದಲ್ಲಿ "ಪ್ರದರ್ಶನದ ನಂತರ ನೋಡಿ" ಎಂದು ಬರೆಯಿರಿ. ಕೋಡ್ 2 ಸೆಂಟಿಮೀಟರ್‌ಗಿಂತ ಚಿಕ್ಕದಾಗಬಾರದು, ಸುತ್ತ ಬಿಳಿ ಜಾಗ ಇರಬೇಕು, ಅಚ್ಚಾದ ಪ್ರೂಫ್ ಮೇಲೆ ಎರಡು ಬೇರೆ ಫೋನಿನಿಂದ ಪರೀಕ್ಷಿಸಬೇಕು. ಉಚಿತ ಪ್ರಯೋಗದ ಅವಧಿ ಮುಗಿದ ಮೇಲೆ ಸತ್ತುಹೋಗುವ ಕೋಡ್‌ಗಳಿವೆ, ಅವನ್ನು ಬಳಸಬೇಡಿ. ಪಿಡಿಎಫ್ ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿಗೆ ಹಾಕುವ ಮೊದಲು ಶೀಟಿನ ಒಪ್ಪಿಗೆ ಕಾಲಂ ಇನ್ನೊಮ್ಮೆ ನೋಡಿ. ಸಭಾಂಗಣದಲ್ಲಿ ಹಂಚುವ ಕಾಗದದಲ್ಲಿ ಮಗುವಿನ ಪೂರ್ತಿ ಹೆಸರು, ತರಗತಿ, ಫೋಟೊ ಇರುವುದಕ್ಕೆ ಒಪ್ಪಿದ ಮನೆಯವರು ಅದೇ ಮೂರು ಇಂಟರ್‌ನೆಟ್ಟಿನಲ್ಲಿ ಇರುವುದಕ್ಕೆ ಒಪ್ಪಬೇಕೆಂದೇನಿಲ್ಲ. ಅದಕ್ಕೆ ಬೇರೆಯಾಗಿ ಕೇಳಿ, ಒಪ್ಪದವರಿದ್ದರೆ ತರಗತಿ ಮತ್ತು ಫೋಟೊ ತೆಗೆದ ಇನ್ನೊಂದು ಪ್ರತಿ ಮಾಡಿ ಹಾಕಿ.